ಬಿಳಿ ಕುರ್ತಾಗಳ ಮೇಲಿನ ಅರಿಶಿಣ

ಬಟ್ಟೆ ಅಂಗಡಿಯ ಖರೀದಿ ಮ್ಯಾನೇಜರ್ ಕುರ್ಚಿ ಎಳೆದು ಕೂರಿಸಿ, ಕಾಫಿ ತರಿಸಿ, “ಮೇಡಂ, ನಿಮ್ಮ ಕೆಲಸ ಕೇಳಿ ಮನಸ್ಸು ತುಂಬಿ ಬಂತು” ಅಂದರೆ ಕಾಫಿ ಕುಡಿದು ಎದ್ದು ಬನ್ನಿ. ಅಲ್ಲಿ ವ್ಯಾಪಾರ ಆಗುವುದಿಲ್ಲ. ಕೊಳ್ಳುವ ಮನಸ್ಸಿದ್ದವನು ಮೊದಲು ಬಟ್ಟೆಯನ್ನು ಮುಟ್ಟುತ್ತಾನೆ, ಒಳಮಗ್ಗುಲು ತಿರುವಿ ಹೊಲಿಗೆ ನೋಡುತ್ತಾನೆ, ರೇಟು ಕೇಳಿ ಮುಖ ಕಿವುಚುತ್ತಾನೆ. ಮನಸ್ಸು ತುಂಬಿಕೊಂಡವನು ಬಟ್ಟೆಯ ಕಡೆ ನೋಡುವುದೇ ಇಲ್ಲ.

ನನಗೆ ಆ ಕಾಫಿ ಸಿಕ್ಕಿದ್ದು ಆರ್.ಟಿ. ನಗರದ ಒಂದು ದೊಡ್ಡ ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ. ಆಷಾಢದ ರಿಯಾಯಿತಿ ಬೋರ್ಡುಗಳು ಬೀದಿಯುದ್ದಕ್ಕೂ ನೇತಾಡುತ್ತಿದ್ದ ದಿನಗಳು. ಆ ಅಂಗಡಿಗೆ ಹೆಬ್ಬಾಳ, ಸಂಜಯನಗರ, ಯಲಹಂಕದಲ್ಲೂ ಶಾಖೆಗಳಿದ್ದವು. ನಾನು ಕೇಳಲು ಹೋಗಿದ್ದು ಒಂದೇ ವಿಷಯ: ಹೆಂಗಸರ ಕುರ್ತಾಗಳು ಸಾಲಾಗಿ ತೂಗುಹಾಕಿರುವ ಕಡೆ, ಉಳಿದ ಕುರ್ತಾಗಳ ಪಕ್ಕದಲ್ಲೇ, ನಮ್ಮದಕ್ಕೂ ಒಂದು ಸ್ಟ್ಯಾಂಡು.

ಯಲಹಂಕದ ಪುಟ್ಟೇನಹಳ್ಳಿ ಕೆರೆಯ ಹಿಂದಿನ ಬೀದಿಯಲ್ಲಿ, ಮನೆಯೊಂದರ ಮೊದಲ ಮಹಡಿಯಲ್ಲಿ ನಮ್ಮ ಹೊಲಿಗೆ ಘಟಕ. ಹೊಲಿಯುವವರೆಲ್ಲ ಗಾರ್ಮೆಂಟ್ಸ್ ಕಾರ್ಖಾನೆಗಳ ಸಾಲುಗಳಿಂದ ಬಿಟ್ಟುಬಂದ ಹೆಂಗಸರು. ಪೀಸ್ ಲೆಕ್ಕವಿಲ್ಲ, ತಿಂಗಳ ಸಂಬಳ. ಪಿಎಫ್, ಇಎಸ್‌ಐ, ಭಾನುವಾರ ರಜೆ. ಬಟ್ಟೆ ಬರುವುದು ನೇಕಾರರ ಸಂಘವೊಂದರಿಂದ, ಅವರು ಹೇಳಿದ ರೇಟಿಗೆ. ಇದನ್ನು ದೊಡ್ಡವರು ಫೇರ್ ಟ್ರೇಡ್ ಎನ್ನುತ್ತಾರೆ. ನಾನು ಅದನ್ನು ಸರಿಯಾಗಿ ಕೊಟ್ಟು ಸರಿಯಾಗಿ ಮಾರುವುದು ಎನ್ನುತ್ತೇನೆ.

ಸರಿಯಾಗಿ ಕೊಡುವುದು ನಮ್ಮ ಕೈಯಲ್ಲಿತ್ತು, ಮಾರುವುದು ಇರಲಿಲ್ಲ. ವರ್ಷಕ್ಕೆ ನಾಲ್ಕಾರು ವಸ್ತುಪ್ರದರ್ಶನ. ಅಲ್ಲಿಗೆ ಬರುವವರು ದೊಡ್ಡ ಬೊಟ್ಟಿನ, ಮೆತ್ತನೆ ಮಾತಿನ ಒಳ್ಳೆಯ ಜನ. ಆದರೆ ಅವರ ಬೀರುಗಳು ಆಗಲೇ ತುಂಬಿದ್ದವು. ಎರಡು ಪ್ರದರ್ಶನಗಳ ನಡುವೆ ನಮ್ಮ ಮಿಷನ್‌ಗಳು ಸುಮ್ಮನೆ ಕೂರುತ್ತಿದ್ದವು. ತಿಂಗಳ ಸಂಬಳ ಮಾತ್ರ ಸುಮ್ಮನೆ ಕೂರುವುದಿಲ್ಲವಲ್ಲ. ಹಬ್ಬಗಳು ಮುಗಿಯುವುದರೊಳಗೆ ಮಾಮೂಲಿ ಅಂಗಡಿಯೊಂದರಲ್ಲಿ ಕಾಯಂ ಜಾಗ ಸಿಗದಿದ್ದರೆ ಸಂಬಳ ನಿಲ್ಲಿಸಿ ಪೀಸ್ ರೇಟಿಗೆ ಇಳಿಯಬೇಕು ಅಂತ ಎಲ್ಲರನ್ನೂ ಕೂರಿಸಿ ಹೇಳಿಬಿಟ್ಟಿದ್ದೆ. ಪೀಸ್ ರೇಟಿಗೆ ಇಳಿದರೆ ಅವರು ಬಿಟ್ಟುಬಂದ ಕಾರ್ಖಾನೆಗೂ ನಮಗೂ ವ್ಯತ್ಯಾಸ ನೆಲದ ಟೈಲ್ಸಿನಲ್ಲಷ್ಟೇ.

ಮ್ಯಾನೇಜರ್ ನನಗೆ ತೋರಿಸಿದ ಜಾಗ ಬಿಲ್ಲಿಂಗ್ ಕೌಂಟರಿನ ಪಕ್ಕದ ಮೇಜು. ಅಲ್ಲಿ ಆಗಲೇ ಮಣ್ಣಿನ ದೀಪಗಳು, ಊದುಬತ್ತಿ, ಯಾವುದೋ ಆಶ್ರಮದ ಮೇಣದಬತ್ತಿಗಳಿದ್ದವು.

“ಇಲ್ಲಿ ಇಡೋಣ ಮೇಡಂ. ಚಿಲ್ಲರೆ ವಾಪಸ್ ತಗೊಳ್ಳೋವಾಗ ಕಸ್ಟಮರ್ ಮನಸ್ಸು ಸ್ವಲ್ಪ ಮೆತ್ತಗಿರತ್ತೆ.”

“ನಮ್ದು ಊದುಬತ್ತಿ ಅಲ್ಲ ಸರ್, ಕುರ್ತಾ. ಹಾಕ್ಕೊಂಡು ನೋಡ್ಬೇಕು. ಟ್ರಯಲ್ ರೂಮ್ ಆ ಕಡೆ ಇದೆ.”

“ಅಲ್ಲಿ ಕಾಂಪಿಟಿಷನ್ ಇದೆ ಮೇಡಂ.”

“ಅದಕ್ಕೇ ಅಲ್ಲಿ ಬೇಕು ಅಂತಿರೋದು.”

ಅವರ ಸ್ಟ್ಯಾಂಡಿನಿಂದ ಒಂದು ಬಿಳಿ ಕುರ್ತಾ ತೆಗೆದು, ನಮ್ಮದರ ಪಕ್ಕದಲ್ಲಿ ಮೇಜಿನ ಮೇಲೆ ಹಾಕಿ, ಎರಡನ್ನೂ ಒಳಮಗ್ಗುಲು ತಿರುವಿದೆ. ಅವರದು ಅಂಚು ಕತ್ತರಿಸಿ ಓವರ್‌ಲಾಕ್ ಹೊಡೆದದ್ದು, ಕಂಕುಳಲ್ಲಿ ದಾರ ಬಿಟ್ಟುಕೊಂಡಿತ್ತು. ನಮ್ಮದರಲ್ಲಿ ಅಂಚನ್ನು ಒಳಗೆ ಮಡಚಿ ಎರಡು ಸಲ ಹೊಲಿದಿದ್ದರಿಂದ ಕತ್ತರಿಸಿದ ಎಳೆ ಎಲ್ಲೂ ಕಾಣುತ್ತಿರಲಿಲ್ಲ. ಈ ಕೆಲಸಕ್ಕೆ ಇಳಿಯುವವರಿಗೆ ನನ್ನ ಮೊದಲ ಬುದ್ಧಿಮಾತು ಇದೇ: ಕಷ್ಟದ ಕಥೆ ಹೇಳಬೇಡಿ, ಹೊಲಿಗೆ ತೋರಿಸಿ. ಕಥೆಗೆ ಮೇಜು ಕೊಡುತ್ತಾರೆ, ಹೊಲಿಗೆಗೆ ಸ್ಟ್ಯಾಂಡು ಕೊಡಬೇಕಾಗುತ್ತದೆ.

“ಇದನ್ನ ಯಾರು ಹೊಲಿದಿದ್ದು?” ಅವರ ಕುರ್ತಾ ತೋರಿಸಿ ಕೇಳಿದೆ.

“ವೆಂಡರ್ ಕಳಿಸ್ತಾರೆ ಮೇಡಂ.”

“ವೆಂಡರ್‌ಗೆ ಯಾರು ಹೊಲಿದು ಕೊಡ್ತಾರೆ? ಅವರಿಗೆ ಸಂಬಳ ಎಷ್ಟು?”

“ಅದು ಅವರ ತಲೆನೋವು ಮೇಡಂ. ಕಸ್ಟಮರ್ ಸೈಜು ಕೇಳ್ತಾರೆ, ಕಲರ್ ಕೇಳ್ತಾರೆ, ರೇಟ್ ಕೇಳ್ತಾರೆ. ಯಾರು ಹೊಲಿದ್ರು ಅಂತ ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿಲ್ಲ. ಕೇಳಿದ ದಿನ ನಾನೇ ನಿಮಗೆ ಫೋನ್ ಮಾಡ್ತೀನಿ.”

ಕೊನೆಯ ಆ ಮಾತನ್ನು ಅವನು ನಗುತ್ತಾ ಆಡಿದ. ಮೆಟ್ಟಿಲಿಳಿದು ಬರುವಾಗ ನನ್ನ ಮೈಯೆಲ್ಲ ಉರಿಯುತ್ತಿತ್ತು. ತಾನು ದಿನಾ ಮಾರುವ ವಸ್ತು ಯಾರ ಕೈಯಿಂದ ಬಂತು ಅನ್ನುವುದು ಗೊತ್ತಿಲ್ಲದಿರುವುದೇ ಒಂದು ಅರ್ಹತೆ ಅನ್ನುವ ಹಾಗೆ ಹೇಳಿದ್ದನಲ್ಲ! ತರಕಾರಿ ಗಾಡಿಯವನಿಗೂ ತನ್ನ ಸೊಪ್ಪು ಯಾವ ಊರಿನದೆಂದು ಗೊತ್ತಿರುತ್ತದೆ.

ಆದರೆ ಚೌಕಾಸಿ ಮಾಡಿ ಬೆಳೆದ ನನಗೆ ಒಂದು ವಿಷಯ ಗೊತ್ತು. ಎದುರಿನವನು ನಗುತ್ತಾ ಕೊಟ್ಟ ಮಾತೂ ಮಾತೇ. ಕೇಳಿದ ದಿನ ಫೋನ್ ಮಾಡ್ತೀನಿ ಅಂದಿದ್ದಾನೆ. ಸರಿ, ಕೇಳಿಸೋಣ.

ಪುಟ್ಟೇನಹಳ್ಳಿ ಕೆರೆಯ ಸುತ್ತ ಬೆಳಿಗ್ಗೆ ನಡೆಯಲು ಬರುವ ಅಪಾರ್ಟ್‌ಮೆಂಟಿನ ಹೆಂಗಸರ ಗುಂಪೊಂದಿತ್ತು. ರವಿಕೆ ಸಡಿಲ ಮಾಡಿಸಲು, ಸೀರೆಗೆ ಫಾಲ್ ಹಾಕಿಸಲು ನಮ್ಮಲ್ಲಿಗೆ ಬರುತ್ತಿದ್ದರು. ಅವರಿಗೆ ಹೇಳಿದೆ: “ಆ ಅಂಗಡಿಗೆ ಹೇಗೂ ಹೋಗ್ತಿರ್ತೀರಲ್ಲ. ಬಿಲ್ ಮಾಡಿಸೋವಾಗ ಒಂದೇ ಒಂದು ಪ್ರಶ್ನೆ ಕೇಳಿ. ಇದನ್ನ ಯಾರು ಹೊಲಿದಿದ್ದು, ಅವರಿಗೆ ಸರಿಯಾಗಿ ಸಂಬಳ ಕೊಡ್ತಾರಾ ಅಂತ. ಜಗಳ ಬೇಡ. ಉತ್ತರ ಬರೋವರೆಗೆ ಸುಮ್ನೆ ನಿಂತಿರಿ, ಅಷ್ಟೇ.”

ಅವರಲ್ಲೊಬ್ಬರು ನಿವೃತ್ತ ಟೀಚರ್. “ಉತ್ತರ ಬರೋವರೆಗೆ ನಿಲ್ಲೋದು ನನಗೆ ಅಭ್ಯಾಸ ಆಗಿದೆ ಬಿಡಮ್ಮಾ” ಅಂದರು.

ಶ್ರಾವಣದ ಹಬ್ಬಗಳ ಗಿರಾಕಿ ಶುರುವಾಗಿತ್ತು. ಯಲಹಂಕದಲ್ಲಿ ಕೇಳಿದರು, ಹೆಬ್ಬಾಳದಲ್ಲಿ ಕೇಳಿದರು, ಮಗಳ ಮನೆಗೆ ಹೋದಾಗ ಸಂಜಯನಗರದಲ್ಲೂ ಕೇಳಿದರು. ಬಿಲ್ಲಿಂಗ್ ಹುಡುಗಿಯರು ಮೇಲಿನವರನ್ನು ಕೇಳಿದರು, ಮೇಲಿನವರು ಮ್ಯಾನೇಜರನ್ನು ಕೇಳಿದರು. ಗೌರಿ ಹಬ್ಬಕ್ಕೆ ಮುಂಚೆಯೇ ಫೋನ್ ಬಂತು.

“ಮೇಡಂ, ಇದು ನಿಮ್ಮದೇ ಕೆಲಸ ತಾನೆ?”

“ಪ್ರಶ್ನೆ ಅವರದು ಸರ್. ಉತ್ತರ ಸಿಕ್ತಾ?”

ದಸರಾಕ್ಕೆ ಬಿಳಿ ಕುರ್ತಾಗಳ ಒಂದು ಲಾಟ್ ತಗೊಳ್ತೀನಿ, ಹೆಂಗಸರ ವಿಭಾಗದ ಸ್ಟ್ಯಾಂಡಿನಲ್ಲೇ ಹಾಕ್ತೀನಿ ಎಂದ. ಬಿಳಿಯನ್ನು ಆರಿಸಿದ್ದು ಅವನೇ. ಬಿಳಿಯಲ್ಲಿ ತಪ್ಪು ಬೇಗ ಕಾಣುತ್ತದೆ ಅನ್ನುವುದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆ ಲಾಟಿಗೆ ಮಾಡಿದಷ್ಟು ಜಾಗ್ರತೆಯನ್ನು ನಾವು ಯಾವುದಕ್ಕೂ ಮಾಡಿರಲಿಲ್ಲ. ಕತ್ತರಿಸುವ ಮೊದಲೇ ಬಟ್ಟೆಯನ್ನೆಲ್ಲ ನೀರಿನಲ್ಲಿ ನೆನೆಸಿ, ಒಣಗಿಸಿ, ಕುಗ್ಗುವಷ್ಟೂ ಕುಗ್ಗಿಸಿಕೊಂಡೆವು. ಹೆಚ್ಚು ಕಡೆ ಇದನ್ನು ಮಾಡುವುದಿಲ್ಲ. ಕುಗ್ಗಿದಷ್ಟು ಬಟ್ಟೆ ನಷ್ಟ, ಒಣಗಿಸುವ ದಿನಗಳು ನಷ್ಟ. ಹೊಲಿದ ಪ್ರತಿ ಕುರ್ತಾವನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆವು. ಮಿಷನ್ ಎಣ್ಣೆ ತಾಗದಿರಲಿ ಎಂದು ಮಡಿಲ ಮೇಲೆ ಹಳೇ ಸೀರೆ ಹಾಸಿಕೊಂಡು ಹೊಲಿದರು. ತಪಾಸಣೆ ಮುಗಿದ ದಿನ, “ಇನ್ನು ಮಡಚಿ ಕಟ್ಟಿ” ಎಂದು ಹೇಳಿ ನಾನು ಡಬ್ಬಗಳನ್ನು ತರಲು ಯಶವಂತಪುರಕ್ಕೆ ಹೋದೆ. ತಿರುಗಿ ಬರುವ ಹೊತ್ತಿಗೆ ಎಲ್ಲ ಮಡಚಿ, ಕವರಿಗೆ ಹಾಕಿ ಜೋಡಿಸಿದ್ದರು. ಎಲ್ಲರ ಮುಖದಲ್ಲೂ ಏನೋ ಒಂದು ಕಳೆ. ಕೆಲಸ ಮುಗಿದ ಖುಷಿ ಅಂದುಕೊಂಡೆ.

ಮರುದಿನ ಮಾಲು ಹೋಯಿತು. ಅದರ ಮರುದಿನ ಫೋನ್ ಬಂತು: “ಮೇಡಂ, ಬಂದು ನೋಡಿ. ಪೂರ್ತಿ ಲಾಟ್ ರಿಜೆಕ್ಟ್.”

ಆರ್.ಟಿ. ನಗರದ ಅಂಗಡಿಯ ಗೋದಾಮಿನಲ್ಲಿ ನಮ್ಮ ಕುರ್ತಾಗಳು ನೆಲದ ಮೇಲೆ ರಾಶಿ ಬಿದ್ದಿದ್ದವು. ಮ್ಯಾನೇಜರ್ ಒಂದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ. ಎದೆಯ ಭಾಗದಲ್ಲಿ ಬೆರಳ ತುದಿಯಷ್ಟು ಹಳದಿ. ಇನ್ನೊಂದನ್ನು ಎತ್ತಿದ, ಅದರಲ್ಲೂ ಹಳದಿ. ಎಲ್ಲದರಲ್ಲೂ ಒಂದೇ ಜಾಗ.

ನಾನು ಅಂಚನ್ನು ತಿರುವಿ ನೋಡಿದೆ. ಪಕ್ಕದ ಸೀಳಿನ ಒಳಮಡಿಕೆಯ ಮೂಲೆಯಲ್ಲಿ ಇನ್ನೊಂದು ಬೊಟ್ಟು. ಆಗ ಅರ್ಥವಾಯಿತು. ಹೊಸ ಬಟ್ಟೆ ತಂದರೆ ಉಡುವ ಮೊದಲು ಮೂಲೆಗೆ ಅರಿಶಿಣ ಹಚ್ಚುತ್ತೇವಲ್ಲ, ಅದನ್ನೇ ಮಾಡಿದ್ದರು. ಒಂದಕ್ಕಲ್ಲ, ಅಷ್ಟಕ್ಕೂ! ಒಳಮೂಲೆಗೆ, ಕಾಣದ ಹಾಗೆ, ಜಾಗ್ರತೆಯಿಂದಲೇ ಹಚ್ಚಿದ್ದರು. ಆದರೆ ಆರುವ ಮೊದಲೇ ಮಡಚಿದ್ದರಿಂದ ಆ ಮೂಲೆ ಹೋಗಿ ಎದೆಯ ಮೇಲೆ ಮುದ್ರೆ ಒತ್ತಿತ್ತು.

ಕಲೆ ಅಂದಮೇಲೆ ಕಲೆಯೇ. ಲಾಟ್ ಬೇಡವೆಂದಿದ್ದಕ್ಕೆ ನನ್ನ ತಕರಾರಿಲ್ಲ, ನಾನಾಗಿದ್ದರೂ ಬೇಡವೆನ್ನುತ್ತಿದ್ದೆ. ನನ್ನ ಸಿಟ್ಟು ಆಮೇಲೆ ಅವನು ಆಡಿದ ಮಾತುಗಳ ಮೇಲೆ.

“ಒಂದು ದಾರಿ ಇದೆ ಮೇಡಂ. ನಿಮ್ಮ ಟ್ಯಾಗ್ ಕಿತ್ತು, ಡಿಫೆಕ್ಟ್ ಮಾಲು ಅಂತ ಅರ್ಧ ರೇಟಿಗೆ ಕೊಟ್ಬಿಡಿ. ರಿಯಾಯಿತಿ ಬುಟ್ಟೀಲಿ ಸುರಿದು ಮಾರ್ತೀವಿ.”

“ಆಗಲ್ಲ.”

ಅವನು ಬೊಟ್ಟನ್ನು ಮತ್ತೊಮ್ಮೆ ನೋಡಿದ. “ಇದು ಅರಿಶಿಣಾನಾ?” ಅಂದ. ಅಂದದ್ದೇ ಮುಖ ಅರಳಿತು. “ಮೇಡಂ, ಇದು ಕಲೆ ಅಲ್ಲ, ಕಥೆ! ಬಿಲ್ಲಿಂಗ್ ಹತ್ರದ ಮೇಜಿಗೇ ಹಾಕೋಣ. ಹಿಂದೆ ನಿಮ್ಮ ಹೆಂಗಸರ ದೊಡ್ಡ ಫೋಟೋ. ‘ಬಡ ತಾಯಂದಿರ ಆಶೀರ್ವಾದ’ ಅಂತ ಬೋರ್ಡು. ಫೋಟೋಗೆ ಸ್ವಲ್ಪ ಹಳೇ ಸೀರೆ ಉಟ್ಕೊಂಡು ಬರೋಕೆ ಹೇಳಿ, ಚೆನ್ನಾಗಿ ಬರತ್ತೆ.”

ಸಂಬಳದಿಂದ ಸೀರೆ ಕೊಂಡು ಉಡುವ ಹೆಂಗಸರಿಗೆ ಹಳೇ ಸೀರೆ ಉಟ್ಟು ಬನ್ನಿ ಅಂತ ನಾನು ಹೇಳಬೇಕಂತೆ. ಅವರ ಬಡತನವನ್ನು ಕಡಿಮೆ ಮಾಡಲು ಹೊರಟ ಬಟ್ಟೆಯನ್ನು ಅವರ ಬಡತನವನ್ನೇ ತೋರಿಸಿ ಮಾರಬೇಕಂತೆ. ನ್ಯಾಯವಾಗಿ ಮಾಡಿದ ಮಾಲನ್ನು ಸೀದಾ ಮಾಲಿನ ಹಾಗೆ ಮಾರಿ ಎಂದರೆ ಇವರಿಗೆ ಗೊತ್ತಿರುವುದು ಎರಡೇ ಜಾಗ, ಒಂದು ಬುಟ್ಟಿ, ಇನ್ನೊಂದು ಹುಂಡಿ. ಬಾಯಿಗೆ ಬಂದದ್ದನ್ನೆಲ್ಲ ನುಂಗಿಕೊಂಡು ರಾಶಿಯನ್ನು ನಾನೇ ಗಂಟು ಕಟ್ಟಿದೆ. ಹೊರಗೆ ಆಟೋಗೆ ಕಾಯುತ್ತ ನಿಂತಾಗ ಆ ಅಂಗಡಿಯ ಹೊಸ್ತಿಲು ಕಣ್ಣಿಗೆ ಬಿತ್ತು. ಉದ್ದಕ್ಕೂ ಅರಿಶಿಣ ಬಳಿದು ಕುಂಕುಮ ಇಟ್ಟಿದ್ದರು.

ಘಟಕಕ್ಕೆ ಬಂದವಳೇ ಗಂಟನ್ನು ನಡುಮನೆಯಲ್ಲಿ ಬಿಸಾಡಿದೆ. ಮಿಷನ್‌ಗಳು ನಿಂತವು.

“ಯಾರ ಐಡಿಯಾ ಇದು?”

ಗದಗದ ಕಡೆಯಿಂದ ಬಂದ, ಎಲ್ಲರಿಗಿಂತ ಹಿರಿಯಳಾದ ಅಕ್ಕ ಎದ್ದು ನಿಂತಳು. ವಯಸ್ಸಿನಲ್ಲಿ ನನಗಿಂತ ದೊಡ್ಡವಳಾದರೂ ನನ್ನನ್ನು ಅಕ್ಕಾರ ಎಂದೇ ಕರೆಯುತ್ತಾಳೆ.

“ನಂದ್ರೀ ಅಕ್ಕಾರ. ಹೊಸಾ ಅರಿವಿಗೆ ಅರಿಷಿಣ ಹಚ್ಚಲಾರ್ದ ಹೆಂಗ ಕಳಸೂದು ಅಂತ…”

“ಕಾರ್ಖಾನೇಲಿ ಅಷ್ಟು ವರ್ಷ ಹೊಲಿದ್ಯಲ್ಲ ಅಕ್ಕ, ಅಲ್ಲೂ ಹಚ್ತಿದ್ದೆಯಾ?”

“ಒಂದಕ್ಕೂ ಹಚ್ಚಿಲ್ರೀ.” ಅವಳು ನೆಲ ನೋಡಿದಳು. “ಅಲ್ಲಿ ನಾ ಬರೇ ತೋಳ ಹಚ್ಚಾಕಿ. ಎಡಗಡೆ ತೋಳ. ಪೂರಾ ಅಂಗಿ ಹೆಂಗ ಕಾಣತೈತಿ ಅಂತನೂ ನೋಡಿಲ್ಲ. ಅವು ಯಾರವೋ. ಇವು ನಮ್ಮವು ಅನಿಸಿದ್ವು. ದೊಡ್ಡ ಅಂಗಡಿಗಿ ಹೊಂಟಾವು, ಚಲೋ ಆಗಲಿ ಅಂತ.”

“ಒಣಗಿಸಿ ಆದ್ರೂ ಮಡಚಬಾರದಿತ್ತಾ ಮಾರಾಯ್ತಿ” ಅಂದೆ. ಮೂಲೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಎಲ್ಲರೂ ನಕ್ಕೆವು. ನಗುತ್ತಲೇ ಅಕ್ಕ ಕಣ್ಣೊರೆಸಿಕೊಂಡಳು.

ಕಲೆ ತೆಗೆಯುವ ಕೆಲಸ ಶುರುವಾಯಿತು. ಮೊದಲು ಒಂದಕ್ಕೆ ಸೋಪು ಹಚ್ಚಿದೆವು, ಹಳದಿ ಹೋಗಿ ರಕ್ತದ ಹಾಗೆ ಕೆಂಪಾಯಿತು. ಒಬ್ಬಳು ಕಿರುಚಿಯೇಬಿಟ್ಟಳು. ಅರಿಶಿಣಕ್ಕೆ ಸೋಪು ತಾಗಿದರೆ ಹಾಗೆಯೇ ಆಗುವುದು, ಹೆದರಬೇಕಿಲ್ಲ, ತೊಳೆದರೆ ಇಳಿಯುತ್ತದೆ. ಬ್ಲೀಚ್ ಹಾಕೋಣ ಎಂದವರಿಗೆ ಬೇಡವೆಂದೆ, ಎಳೆ ಸುಡುತ್ತದೆ. ಅರಿಶಿಣದ ಬಣ್ಣಕ್ಕೆ ಶತ್ರು ಬಿಸಿಲು. ಒಗೆದು, ಕಲೆಯ ಭಾಗ ಮೇಲೆ ಬರುವ ಹಾಗೆ ತಾರಸಿಯ ಮೇಲೆ ಹರಡಿ, ಒಣಗಿದ ಮೇಲೆ ಮತ್ತೆ ಒದ್ದೆ ಮಾಡಿ ಹರಡಬೇಕು. ಆ ವಾರ ಯಲಹಂಕದ ಮೇಲೆ ಮೋಡ ಮುಸುಕಿತ್ತು. ಬಿಸಿಲು ಬಂದಾಗಲೆಲ್ಲ ಮಿಷನ್ ಬಿಟ್ಟು ಎಲ್ಲರೂ ತಾರಸಿಗೆ ಓಡುವುದು, ಹನಿ ಬಿದ್ದರೆ ಬಾಚಿಕೊಂಡು ಕೆಳಗೆ ಓಡುವುದು. ತಲೆಯ ಮೇಲೆ ವಾಯುಸೇನೆಯ ವಿಮಾನಗಳು ಗರ್ಜಿಸುತ್ತಿದ್ದರೆ ಒಬ್ಬರ ಮಾತು ಒಬ್ಬರಿಗೆ ಕೇಳಿಸದೆ ಕೈಸನ್ನೆಯಲ್ಲೇ ಜಗಳ. ಮೂರನೇ ಒಗೆತಕ್ಕೆ ಕಲೆ ಮಾಯವಾಯಿತು.

ಇಸ್ತ್ರಿ ಮಾಡುವಾಗ ಒಂದನ್ನು ಟೇಪ್ ಹಿಡಿದು ಅಳೆದೆ. ಮೂರು ಸಲ ಒಗೆದ ಮೇಲೂ ಅಳತೆ ಹಾಗೆಯೇ ಇತ್ತು. ಮೊದಲೇ ಕುಗ್ಗಿಸಿಕೊಂಡಿದ್ದೆವಲ್ಲ. ಟೇಪ್ ಕೈಯಲ್ಲಿ ಹಿಡಿದು ನಿಂತಿದ್ದಾಗಲೇ ನಿರ್ಧಾರ ಮಾಡಿದೆ. ಇನ್ನು ಆ ಮ್ಯಾನೇಜರ್ ಹತ್ತಿರ ಹೋಗುವುದಿಲ್ಲ, ಮಾಲೀಕರ ಹತ್ತಿರ ಹೋಗುತ್ತೇನೆ. ಕೇಳಿಕೊಳ್ಳಲು ಹೋಗುವುದಿಲ್ಲ, ತೋರಿಸಲು ಹೋಗುತ್ತೇನೆ. ಯಲಹಂಕ ಶಾಖೆಗೆ ಹೋಗಿ ದುಡ್ಡು ಕೊಟ್ಟು ಅವರದೇ ಒಂದು ಬಿಳಿ ಕುರ್ತಾ ತಂದು ಅದೇ ಬಕೆಟ್ಟಿನಲ್ಲಿ ಒಗೆದು ಒಣಹಾಕಿದೆ. ಒಂದೇ ಸಲ.

ಮಾಲೀಕರು ಸಂಜಯನಗರದ ಕಡೆಯ ಹಳೇ ಊರಿನವರು. ಹೊಲಗಳಿದ್ದ ಕಾಲದ ಮಾತು ಇನ್ನೂ ಬಾಯಲ್ಲಿತ್ತು.

“ಏನಮ್ಮಾ, ಮ್ಯಾನೇಜ್ರುನ್ ಬುಟ್ಟು ನನ್ತಾವ್ ಬಂದ್‌ಬುಟ್ಟಿದ್ದೀಯ?”

“ಎರಡು ಬಟ್ಟೆ ಒಗೆದು ತಂದಿದ್ದೀನಿ ಯಜಮಾನ್ರೇ. ಒಂದು ನಿಮ್ದು, ಒಂದು ನಮ್ದು.”

ಮೇಜಿನ ಮೇಲೆ ಹಾಸಿದೆ. ಅವರದು ನಾಲ್ಕು ಬೆರಳು ಕುಗ್ಗಿ, ಕಾಲರಿನ ಒಳಗಿನ ಕ್ಯಾನ್ವಾಸು ಗುಳ್ಳೆ ಎದ್ದಿತ್ತು. ಅವರು ಎರಡನ್ನೂ ಮುಟ್ಟಿ ನೋಡಿದರು, ಒಳಮಗ್ಗುಲು ತಿರುವಿದರು. ಸರಿ, ಇಲ್ಲಿ ವ್ಯಾಪಾರ ಆಗುತ್ತದೆ ಅಂದುಕೊಂಡೆ. ಬೇಕೆಂದೇ ಒಗೆಯದೆ ಇಟ್ಟುಕೊಂಡಿದ್ದ ಮೂರನೆಯದನ್ನು ಬಿಚ್ಚಿದೆ.

“ಇದೇನಮ್ಮಾ ಅಳ್ದಿ?”

“ಅರಿಶಿಣ. ಹೊಲಿದೋರು ಹಚ್ಚಿದ್ದು. ಇದಕ್ಕೇ ವಾಪಸ್ ಬಂದಿದ್ದು.”

ಅವರು ಬೊಟ್ಟನ್ನು ಹೆಬ್ಬೆರಳಲ್ಲಿ ತಿಕ್ಕಿ ನೋಡಿ ಜೋರಾಗಿ ನಕ್ಕರು. “ಬಿಳೀ ಬಟ್ಟೆಗ್ ಅಚ್ತಾರೇನಮ್ಮಾ? ಬುದ್ಧಿ ಬ್ಯಾಡ್ವಾ ಒಸಿ?”

“ಬೇಕು ಯಜಮಾನ್ರೇ. ಅದಕ್ಕೇ ಮೂರು ಸಲ ಒಗೆದು ತಂದಿರೋದು. ಒಂದೇ ಸಲ ಒಗೆದ ನಿಮ್ಮದು ಹೀಗಾಗಿದೆ.”

ನಗು ನಿಂತಿತು. “ದಸ್ರಾಗೆ ಒಂಚೂರು ಕಮ್ಮಿ ಮಾಡ್ಕೊ, ನೋಡಾಣ” ಅಂದರು.

“ಎಲ್ಲಿ ಕಮ್ಮಿ ಮಾಡ್ಲಿ ಹೇಳಿ. ಬಟ್ಟೇಲಿ ಮಾಡಿದ್ರೆ ನಿಮ್ಮ ಈ ಕುರ್ತಾ ಥರ ಆಗತ್ತೆ. ಸಂಬಳದಲ್ಲಿ ಮಾಡಿದ್ರೆ ನಿಮ್ಮ ವೆಂಡರ್ ಥರ ಆಗತ್ತೆ. ನನ್ನ ಲಾಭದಲ್ಲಿ ಮಾಡು ಅಂದ್ರೆ ಸರಿ, ನೀವು ನಿಮ್ಮದ್ರಲ್ಲಿ ಎಷ್ಟು ಬಿಡ್ತೀರೋ ಅಷ್ಟೇ ನಾನೂ ಬಿಡ್ತೀನಿ.”

“ಗಟ್ಟಿಗಿತ್ತಿ ಕಣಮ್ಮಾ ನೀನು” ಎಂದರು. ಅವರು ತಮ್ಮ ಲಾಭ ಬಿಡಲಿಲ್ಲ, ನಾನು ರೇಟು ಬಿಡಲಿಲ್ಲ. ಯಲಹಂಕ ಶಾಖೆಯಲ್ಲಿ ಒಂದು ಸ್ಟ್ಯಾಂಡು, ಸಂಕ್ರಾಂತಿಯವರೆಗೆ, ಮಾಲು ಖರ್ಚಾದರೆ ಕಾಯಂ ಅನ್ನುವ ಮಾತಾಯಿತು. ನನ್ನ ಷರತ್ತುಗಳನ್ನು ಅಲ್ಲೇ ಹೇಳಿದೆ. ಫೋಟೋ ಇಲ್ಲ, ಬೋರ್ಡಿಲ್ಲ. ಸೈಜಿನ ಪ್ರಕಾರ ಉಳಿದವುಗಳ ಪಕ್ಕದಲ್ಲೇ ಹ್ಯಾಂಗರು. ಕಾಲರಿನ ಒಳಗೆ ನಮ್ಮ ಪಟ್ಟಿ, ಅದರಲ್ಲಿ ‘ಹೊಲಿದವರಿಗೆ ತಿಂಗಳ ಸಂಬಳ’ ಅನ್ನುವ ಮಾತು. ನೀವೂ ಇಂಥ ಕಡೆ ಹೋದರೆ ನೆನಪಿಟ್ಟುಕೊಳ್ಳಿ, ಒಪ್ಪಿಗೆ ಸಿಕ್ಕ ತಕ್ಷಣ ಧನ್ಯವಾದ ಹೇಳಿ ಎದ್ದು ಬರಬೇಡಿ. ಷರತ್ತು ಹಾಕುವ ಹೊತ್ತು ಅದೇ.

ಮಾಲು ಹೋಯಿತು. ದೀಪಾವಳಿಗೆ ಮತ್ತೊಂದು ಲಾಟ್ ಕೇಳಿದರು, ಬಣ್ಣದ್ದು. ನಮ್ಮ ಮಿಷನ್‌ಗಳು ಓಡಿದವು, ತಿಂಗಳ ಸಂಬಳ ಉಳಿಯಿತು. ಅಕ್ಕ ಈಗ ಅರಿಶಿಣವನ್ನು ಕತ್ತರಿ ಹಾಕುವ ಮೇಜಿನ ಕಾಲಿಗೆ ಹಚ್ಚುತ್ತಾಳೆ. “ಮೇಜೇನ ಹೊಸಾದಲ್ಲ ಬಿಡ್ರಿ” ಎಂದು ಗೊಣಗುತ್ತಾಳೆ.

ಇಷ್ಟಕ್ಕೆ ನನ್ನ ಸಿಟ್ಟು ಇಳಿಯಿತು ಎಂದುಕೊಂಡಿರಾ? ನಮಗೆ ಸಿಕ್ಕಿದ್ದು ಒಂದು ಸ್ಟ್ಯಾಂಡು. ಪಕ್ಕದಲ್ಲಿ ಹತ್ತಾರು ಸ್ಟ್ಯಾಂಡುಗಳಲ್ಲಿ ಯಾರು ಹೊಲಿದರೆಂದು ಯಾರಿಗೂ ಗೊತ್ತಿಲ್ಲದ ಬಟ್ಟೆ ತೂಗುತ್ತಲೇ ಇತ್ತು. ಎಡಗಡೆ ತೋಳು ಮಾತ್ರ ಹಚ್ಚುವವರು ಅಲ್ಲಿ ಇನ್ನೂ ಇದ್ದರು. ನನ್ನ ಮಾಲು ಹೋಗುತ್ತಿದೆ ಎಂದು ಬಾಯಿ ಮುಚ್ಚಿಕೊಳ್ಳುವ ಷರತ್ತನ್ನು ನಾನು ಒಪ್ಪಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಶನಿವಾರ ಯಲಹಂಕದ ಆ ಅಂಗಡಿಗೆ ಹೋಗಿ, ಬೇರೆ ಸ್ಟ್ಯಾಂಡಿನಿಂದ ಒಂದು ಪೆಟಿಕೋಟ್ ತೆಗೆದುಕೊಂಡು ಬಿಲ್ಲಿಂಗ್ ಸಾಲಿನಲ್ಲಿ ನಿಂತೆ. ಖರೀದಿ ಮ್ಯಾನೇಜರ್ ಶಾಖೆ ನೋಡಲು ಬಂದಿದ್ದ. ನನ್ನ ಸರದಿ ಬಂದಾಗ ಕೌಂಟರಿನ ಹುಡುಗಿಯನ್ನು ಕೇಳಿದೆ: “ಇದನ್ನ ಯಾರು ಹೊಲಿದಿದ್ದಮ್ಮ?”

ಮ್ಯಾನೇಜರ್ ಹತ್ತಿರ ಬಂದು ದನಿ ತಗ್ಗಿಸಿದ. “ಮೇಡಂ, ನಿಮಗೆ ಜಾಗ ಸಿಕ್ತಲ್ಲ. ಇನ್ನೂ ಯಾಕೆ ಕೇಳ್ತೀರಾ?”

“ಒಂದು ಮಾತು ಹೇಳಿ ಸರ್. ಇಷ್ಟು ವರ್ಷದಿಂದ ನಿಮ್ಮ ವೆಂಡರ್ ಮಾಲು ಕಳಿಸ್ತಿದಾರೆ. ಯಾವತ್ತಾದ್ರೂ ಒಂದು ಬಟ್ಟೆ ಮೇಲೆ ಅರಿಶಿಣ ಬಂದಿದೆಯಾ?”

“ಇಲ್ಲ ಮೇಡಂ, ಕ್ಲೀನ್ ಮಾಲು.”

“ಯಾಕೆ ಬಂದಿಲ್ಲ ಅಂತ ಯೋಚನೆ ಮಾಡಿ.”

ನಾನು ದುಡ್ಡು ಕೊಟ್ಟು ಚೀಲ ತೆಗೆದುಕೊಂಡು ಬಾಗಿಲ ಕಡೆ ತಿರುಗಿದೆ. ನನ್ನ ಹಿಂದೆ ಮಗಳಿಗೆಂದು ಫ್ರಾಕೊಂದನ್ನು ಹಿಡಿದು ನಿಂತಿದ್ದ ಹೆಂಗಸು ಅದನ್ನು ಕೌಂಟರಿನ ಮೇಲಿಟ್ಟಳು. ಇಟ್ಟವಳು ಕೈ ತೆಗೆಯಲಿಲ್ಲ.

“ಹೌದು, ಇದನ್ನ ಯಾರು ಹೊಲಿದಿದ್ದು?” ಎಂದಳು.

ಮ್ಯಾನೇಜರ್ ನನ್ನ ಮುಖ ನೋಡಿದ. ಆಕೆಯನ್ನು ನಾನು ಕಳಿಸಿರಲಿಲ್ಲ.